ಸೊನ್ನಿ ಎಲ್ಲಿ ನಿಲ್ಲತೈತಿ

ಗದಗಿನ ಸ್ಟೇಷನ್ ಹಿಂದ, ಮುಚ್ಚಿದ ಜಿನ್ನಿಂಗ್ ಮಿಲ್ಲಿನ್ಯಾಗ
ಹಳೇ ಕಾಟಾ ಒಂದೈತಿ, ಬಂದು ನೋಡ್ರಿ ಅಂದ್ರು.
ನಗರಸಭೆ ಹುಡುಗ ನಿಂತಿದ್ದ,
ಕೊರಳಾಗ ಗುರುತಿನ ಚೀಟಿ, ಬಗಲಾಗ ನಕಾಶಿ.
"ಇಲ್ಲಿ ಕಾಫಿ ಅಂಗಡಿ, ಅಲ್ಲಿ ಕೈಮಗ್ಗದ ಮಳಿಗಿ,
ನಡುವ ಈ ಕಾಟಾ. ಮಂದಿ ಫೋಟೋ ತಗೀತಾರ.
ತೂಗೂದೇನ ಬ್ಯಾಡ ಪತ್ತಾರ್ರ,
ಹಸರು ಬಣ್ಣ ಹಚ್ಚಿಕೊಟ್ರ ಸಾಕು."

ನಾನು ಬಣ್ಣ ಹಚ್ಚಾವಲ್ಲ.
ಸೊನ್ನಿ ಕೂಡಸಾಂವ.
ನಮ್ಮಪ್ಪನೂ ಅದನ್ನ ಮಾಡಿದ,
ಮುಂಡರಗಿ, ಶಿಗ್ಲಿ, ಲಕ್ಷ್ಮೇಶ್ವರ,
ಸೈಕಲ್ಲಿನ ಹಿಂದ ಕಬ್ಬಿಣದ ಪೆಟಗಿ ಕಟಗೊಂಡು.

ಯಾವ ಊರು ಹ್ಯಾಂಗದ ಅಂತ ನನಗ ಯಾರೂ ಹೇಳೂದು ಬ್ಯಾಡ.
ಬ್ಯಾಡಗಿಯಾಗ ಕಾಟಾದ ಹಲಿಗಿ ಸವದು ಸವದು ಬೆಳ್ಳಿ,
ಸಂದಿ ತುಂಬ ಮೆಣಸಿನಕಾಯಿ ಬೀಜ,
ಒಂದು ಸ್ಕ್ರೂ ಬಿಚ್ಚೂದರಾಗ ನಾಕು ಸೀನು.
ಇನ್ನ ಕೆಲವು ಊರಾಗ ಸವಕಳಿನ ಇಲ್ಲ.
ತೂಗಿದ್ದಕ್ಕ ಹಾಳಾದ ಕಾಟಾ ನಾನು ಕಂಡಿಲ್ಲ,
ಹಾಳಾಗೂದು ತೂಗದ ಇದ್ದಾಗ.

ಈ ಮಿಲ್ಲು ಯಾಕ ನಿಂತಿತು?
ಕಾವಲಿನ ಹುಚ್ಚೀರಪ್ಪ ಅಂತಾನ, ಪಾಲಿಸ್ಟರ್ ಬಂತು, ತೀರಿತು.
ಚಾದಂಗಡಿ ಮಾಬೂಬಿ ಅಂತಾಳ, ಅಣ್ಣತಮ್ಮರು ಪಾಲಾದ್ರು,
ಬಾಯ್ಲರ್ ಪಾಲಾಗಲಿಲ್ಲ.
ನಕಾಶಿ ಹುಡುಗನ ಹತ್ರ ಬೈಪಾಸ್ ಐತಿ, ಬಂಡವಾಳ ಐತಿ,
ಪುಟ ಹೊಳ್ಳಿಸಿದಷ್ಟೂ ಕಾರಣ.
ಎಲ್ಲಾ ಖರೇನ ಇರಬೇಕು.

ಕಾಟಾ ಬಿಚ್ಚಿದೆ. ಗುಬ್ಬಿಗೂಡು, ಹತ್ತಿಕಾಳು, ಒಂದು ಹತ್ತು ಪೈಸಾ.
ಗುಂಡು ತೂಗಹಾಕೂ ಸಣ್ಣ ತಟ್ಟಿ ಹೊಳ್ಳಿ ನೋಡಿದ್ರ
ತಳಕ್ಕ ಬಾರೀಹಣ್ಣಿನಷ್ಟು ಸೀಸ.
ಬೆಸುಗಿ ಹಾಕಿದ್ದು.

ಈ ನಮೂನಿ ಕಾಟಾದಾಗ ಒಂದಕ್ಕ ನೂರು.
ಈ ತುದಿಗೆ ಒಂದು ಗ್ರಾಂ ಕೂತ್ರ
ಆ ತುದಿಗೆ ನೂರು ಗ್ರಾಂ ಮಾಯ.
ಕೈ ಅಂದಾಜು ಇಪ್ಪತ್ತು ಗ್ರಾಂ.
ಅಂಡಿಗಿಗೆ ಎರಡು ಕಿಲೋ ಹತ್ತಿ.

ಯಾರೂ ಕೂಗಾಡಿರಲಿಕ್ಕಿಲ್ಲ.
ಹೊಲದಾಗ ಬಗ್ಗಿ ಬಗ್ಗಿ ಬಿಡಿಸಿದ ಬೆನ್ನು
ತೂಕ ಮರೆಯೂದಿಲ್ಲ, ಅಷ್ಟ.
ಒಂದು ಸುಗ್ಗಿಗೆ ನಾಕು ಚಕ್ಕಡಿ
ಹುಬ್ಬಳ್ಳಿ ಹಾದಿ ಹಿಡದಿರಬೇಕು,
ಮರುಸುಗ್ಗಿಗೆ ನಾಲವತ್ತು.
ಚಕ್ಕಡಿ ಹಿಂದ ದಲಾಲಿ, ದಲಾಲಿ ಹಿಂದ ಬ್ಯಾಂಕು,
ಬ್ಯಾಂಕಿನ ಹಿಂದ ಮಂಡಕ್ಕಿ ಮಿರ್ಚಿ ಅಂಗಡಿ.
ಎರಡು ಕಿಲೋಕ್ಕ ಒಂದು ಪ್ಯಾಟಿ ಮುಳಗತೈತೇನು?
ಇಲ್ಲ ಅಂತ ಅನಸ್ತೈತಿ.
ಒಂದಕ್ಕ ನೂರು ಅನ್ನೂದು ನೆನಪಾಗೂತನಕ.

ಬೆಸುಗಿಗೆ ಒಂದು ಬಾಲ ಇತ್ತು, ಎಡಕ್ಕ ಡೊಂಕ.
ಎಡಗೈಲೆ ಕೆಲಸ ಮಾಡಾವರು ಜಗ್ಗಿ ಬಿಡೂ ಬಾಲ.
ನಮ್ಮಪ್ಪ ಎಡಚ.
ಗೋಡಿಮ್ಯಾಲಿನ ತಪಾಸಣಿ ಫಲಕದಾಗ ಅವನ ರುಜು,
ಆರು ವರ್ಷ, ಒಂದರ ಕೆಳಗೊಂದು: ಸರಿ ಐತಿ. ಸರಿ ಐತಿ.
ಮೊದಲನೇ ರುಜುವಿನ ವರ್ಷ
ನನಗ ಹೊಸಾ ಸೈಕಲ್ ಬಂದಿತ್ತು.

ಹುಡುಗ ಫೋನಿನ್ಯಾಗಿದ್ದ.
ಸೀಸ ಕೆತ್ತಿ ತಗದೆ. ಎಣ್ಣಿ ಬಿಟ್ಟೆ. ಸೊನ್ನಿ ಕೂಡಸಿದೆ.
"ಬರ್ರಿ, ನಿಂದರ್ರಿ ಇದರ ಮ್ಯಾಲ" ಅಂದೆ.
ಐವತ್ತೆಂಟು. ಅಂವ ನಕ್ಕ, "ಮನ್ಯಾಗೂ ಅಷ್ಟ ತೋರಸ್ತದ."
"ಹಂಗಾದ್ರ ಕಾಫಿ ಅಂಗಡಿ ಚಾಲೂ ಮಾಡ್ರಿ.
ಆದ್ರ ಒಂದು ಮಾತು.
ಮಳಿಗಿಯವರು ಏನಾರ ಮಾರಿದ್ರ ಇದರಾಗ ತೂಗಲಿ.
ಬಣ್ಣ ಬ್ಯಾರೇದವರಿಗೆ ಹೇಳ್ರಿ."
ಅಂವ ಚೀಟ್ಯಾಗ ಏನೋ ಬರಕೊಂಡ. ಏನಂತ ಕೇಳಲಿಲ್ಲ.

ರಾತ್ರಿ ಮನ್ಯಾಗ, ಬಂಗಾರ ತೂಗೂ ತಕ್ಕಡಿಗೆ
ಅದನ್ನ ಹಾಕಿದೆ.
ಹತ್ತೊಂಬತ್ತೂವರಿ.

ಸಾವಕಾರ ಹೇಳಿರತಾನ, ಅಂಡಿಗಿಗೆ ಎರಡು ಕಿಲೋ.
ಲೆಕ್ಕಕ್ಕ ಇಪ್ಪತ್ತು ಬೇಕು.
ನಮ್ಮಪ್ಪನ ಕೈ ಎಂದೂ ಅರ್ಧ ಗ್ರಾಂ ತಪ್ಪಿದ್ದಿಲ್ಲ.
ಕೆತ್ತೂವಾಗ ನನ್ನ ಉಳಿಗೆ ಹತ್ತಿ ಹೋತೋ,
ಅಂವ ಬೇಕಂತನ ಬಿಟ್ಟನೋ,
ಅಂಡಿಗಿಗೆ ಐವತ್ತು ಗ್ರಾಂ,
ಒಂದು ಹಿಡಿ ಹತ್ತಿ.

ಮತ್ತೊಮ್ಮೆ ತೂಗಿದೆ.